ಸಭಾಕಲೆಯೂ ತೋಟದ ಗಂಟೆಯೂ

ಸಭೆಯಲ್ಲಿ ನಿಂತು ಮಾತಾಡುವುದು ಹೇಗೆ ಎಂಬುದನ್ನು ಮೂಡಿಗೆರೆ ಸೀಮೆಯ ಮಕ್ಕಳಿಗೆ ಮೊಟ್ಟಮೊದಲು ಕಲಿಸಿದವನು ನಾನು. ಈ ಮಾತನ್ನು ನಾನೇ ಹೇಳಿಕೊಳ್ಳಬೇಕಾಗಿ ಬಂದಿದೆ, ಏಕೆಂದರೆ ಬೇರೆ ಯಾರೂ ಹೇಳುತ್ತಿಲ್ಲ! ನನ್ನ ಹೆಂಡತಿ ಪದ್ಮಾವತಿಯನ್ನು ಕೇಳಿದರೆ ಅವಳು ಬೇರೆಯೇ ಕಥೆ ಹೇಳುತ್ತಾಳೆ. ಆದ್ದರಿಂದ ಅವಳನ್ನು ಕೇಳಬೇಡಿ.

ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯಲ್ಲಿ, ಇದ್ದಿಲಿನ ಬಸ್ಸು ದಮ್ಮು ಸಾಲದೆ ನಿಂತು, ಪ್ರಯಾಣಿಕರೆಲ್ಲ ಇಳಿದು ನೂಕುವ ಒಂದು ಏರು ಇದೆ. ಆ ಏರಿನ ಪಕ್ಕದಲ್ಲೇ ನಮ್ಮ ಶಾಲೆ. ಯುದ್ಧ ಶುರುವಾಗಿ ಪೆಟ್ರೋಲು ಸಿಗದಂತಾದ ಮೇಲೆ ಬಸ್ಸು ಅಲ್ಲಿ ತಪ್ಪದೆ ನಿಲ್ಲುತ್ತಿತ್ತು. ಹಾಗಾಗಿ ನಮ್ಮ ಶಾಲೆಯನ್ನು ಕಾಣದ ಪ್ರಯಾಣಿಕರೇ ಇಲ್ಲ. ಶಾಲೆಗೆ ನಾನೊಬ್ಬನೇ ಮೇಷ್ಟ್ರು. ಹೆಡ್ಮಾಸ್ಟರೂ ನಾನೇ, ಗಂಟೆ ಹೊಡೆಯುವವನೂ ನಾನೇ. ಇಲ್ಲಿಯ ‘ಗಂಟೆ’ ಎಂಬ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಶಾಲೆ ನಾಲ್ಕನೇ ಕ್ಲಾಸಿಗೇ ಮುಗಿಯುತ್ತಿತ್ತು. ಐದಕ್ಕೆ ಮೂಡಿಗೆರೆಗೆ ಹೋಗಬೇಕು. ಕಾಡಿನ ದಾರಿ, ಮಳೆಗಾಲದಲ್ಲಿ ಹಳ್ಳ ದಾಟುವ ಹಾಗಿಲ್ಲ, ಬಸ್ಸಿನ ಮಾತು ಆಗಲೇ ಹೇಳಿದೆ. ಸಾಹುಕಾರರ ಮಕ್ಕಳು ನೆಂಟರ ಮನೆಯಲ್ಲಿ ಉಳಿದು ಓದುತ್ತಿದ್ದರು. ತೋಟದ ಲೈನಿನ, ಅಂದರೆ ಆಳುಗಳ ಸಾಲುಮನೆಗಳ ಮಕ್ಕಳು ನಾಲ್ಕು ಮುಗಿಸಿ ಬುಟ್ಟಿ ಹಿಡಿದು ಕಾಫಿ ಹಣ್ಣು ಕುಯ್ಯಲು ಹೋಗುತ್ತಿದ್ದರು.

ಆ ವರ್ಷ ನಾಲ್ಕನೇ ಕ್ಲಾಸಿನಲ್ಲಿ ಗುಲಾಬಿ ಎಂಬ ಹುಡುಗಿ ಇದ್ದಳು. ತಂದೆ ಇಲ್ಲ. ತಾಯಿ ಅಕ್ಕು ಎದುರು ಗುಡ್ಡದ ಗೌಡರ ತೋಟದಲ್ಲಿ ಹಣ್ಣು ಕುಯ್ಯುವವಳು. ಗುಲಾಬಿಗೆ ಓದೆಂದರೆ ಹಸಿವು. ನಾನು ಬೋರ್ಡಿನ ಮೇಲೆ ಲೆಕ್ಕ ಬರೆಯುವುದರೊಳಗೆ ಉತ್ತರ ಹೇಳಿ ನನ್ನ ಮರ್ಯಾದೆ ತೆಗೆಯುತ್ತಿದ್ದಳು. ಅಕ್ಕು ಒಮ್ಮೆ ಶಾಲೆಯ ಬಾಗಿಲಿಗೆ ಬಂದು, “ಮೇಷ್ಟ್ರೇ, ಇವಳು ಓದಿದ್ದು ಸಾಕು. ಬರೋ ಕುಯ್ಲಿಗೆ ಬುಟ್ಟಿ ಹಿಡೀಲಿ. ಐತಪ್ಪ ಮೇಸ್ತ್ರಿಗೆ ಹೇಳಿಟ್ಟಿದ್ದೀನಿ” ಎಂದು ಹೇಳಿಹೋಗಿದ್ದಳು. ಅಂದು ಗುಲಾಬಿ ಯಾವ ಲೆಕ್ಕಕ್ಕೂ ಉತ್ತರ ಹೇಳಲಿಲ್ಲ. ನನ್ನ ಮರ್ಯಾದೆ ಉಳಿಯಿತು, ಆದರೆ ನನಗೆ ಸಂತೋಷವಾಗಲಿಲ್ಲ.

ಐದನೇ ಕ್ಲಾಸು ಬೇಕೆಂದು ನಾನು ಅರ್ಜಿಯ ಮೇಲೆ ಅರ್ಜಿ ಬರೆದೆ. ಕೊನೆಗೆ ಶಾಲಾ ಇನ್‌ಸ್ಪೆಕ್ಟರ್ ಸಾಹೇಬರಿಂದ ಉತ್ತರ ಬಂತು. “ಮೇಷ್ಟ್ರಿಗೆ ಬೇಕು ಎಂದರೆ ಸಾಲದು, ಜನರಿಗೆ ಬೇಕಿರಬೇಕು. ಮಕ್ಕಳೇ ಒಂದು ಗುಂಪಾಗಿ ತೋಟದ ಜನರ ಮುಂದೆ ವಿಷಯ ಮಂಡಿಸಲಿ. ನಮ್ಮ ಮಕ್ಕಳನ್ನು ಕಳಿಸುತ್ತೇವೆ ಎಂದು ತಂದೆತಾಯಿಗಳು ತಮ್ಮ ಬಾಯಿಂದಲೇ ಹೇಳಲಿ. ನಾನೇ ಬಂದು ಕಣ್ಣಾರೆ ನೋಡುತ್ತೇನೆ. ಇಲ್ಲದಿದ್ದರೆ ಈ ವಿಷಯವಾಗಿ ಇನ್ನು ಕಾಗದ ಬರೆಯಬೇಡಿ.”

ಬೇರೆ ಮೇಷ್ಟ್ರಾಗಿದ್ದರೆ ಹೆದರುತ್ತಿದ್ದರು. ನಾನು ಕುಣಿದೆ! ಏಕೆಂದರೆ ಮೈಸೂರಿನಲ್ಲಿ ತರಬೇತಿಗೆ ಹೋಗಿದ್ದಾಗ ನಾನು ಒಂದು ಮ್ಯಾಜಿಕ್ ಲ್ಯಾಂಟರ್ನ್ ಉಪನ್ಯಾಸ ನೋಡಿದ್ದೆ. ಕತ್ತಲೆ ಕೋಣೆ. ಬಿಳಿ ಪರದೆ. ಉಪನ್ಯಾಸಕರು ಮೇಜಿನ ಮೇಲಿನ ಪುಟ್ಟ ಗಂಟೆಯನ್ನು ‘ಟಿಣ್’ ಎನ್ನಿಸಿದರೆ ಚಿತ್ರ ಬದಲಾಗುತ್ತಿತ್ತು. ಉಪನ್ಯಾಸ ಯಾವುದರ ಮೇಲೆ ಎಂಬುದು ಈಗ ನೆನಪಿಲ್ಲ. ಆ ‘ಟಿಣ್’ ಮಾತ್ರ ಹೃದಯದಲ್ಲಿ ಕೂತುಬಿಟ್ಟಿತ್ತು.

ತಕ್ಷಣ ಒಂದು ಗುಂಪು ರಚಿಸಿದೆ. ಭಾಷಣಕ್ಕೆ ತೋಟದ ಲೆಕ್ಕ ಬರೆಯುವ ರೈಟರ ಮಗ ಸೀತಾರಾಮ. ಅವನದು ಶುದ್ಧ ಉಚ್ಚಾರ. ಏನು ಬರೆದುಕೊಟ್ಟರೂ ಅರ್ಥದ ಗೊಡವೆಗೆ ಹೋಗದೆ ಬಾಯಿಪಾಠ ಮಾಡುತ್ತಿದ್ದ. ಗಂಟೆಗೆ, ರಸ್ತೆ ತಿರುವಿನ ಅಂಗಡಿ ಸಾಹೇಬರ ಮಗ ಹುಸೇನ. ಅವನ ತೋಳಿನಲ್ಲಿ ಕಸುವಿತ್ತು. ಚಿತ್ರ ಬದಲಾಯಿಸಲು ಗುಲಾಬಿ.

“ನಾನೂ ಒಂಚೂರು ಮಾತಾಡ್ಲಾ ಮೇಷ್ಟ್ರೇ?” ಎಂದು ಗುಲಾಬಿ ಕೇಳಿದಳು.

“ನಿನ್ನದು ಲೈನಿನ ಮಾತು ಮಗೂ. ಸಭೆಗೆ ಸಭೆಯ ಭಾಷೆ ಬೇಕು. ನೀನು ಚಿತ್ರ ತಿರುವು. ಅದೂ ದೊಡ್ಡ ಕೆಲಸವೇ” ಎಂದೆ. ಹೀಗೆ ಮಕ್ಕಳ ಮನಸ್ಸು ನೋಯದಂತೆ ಹೇಳುವುದೂ ಒಂದು ಕಲೆ.

ನಂತರ ಸಭಾಕಲೆಯ ನಿಯಮಗಳನ್ನು ಕಲಿಸಿದೆ. ವೇದಿಕೆಯ ಮೇಲೆ ಭಾಷಣಕಾರನ ವಿನಾ ಯಾರೂ ತುಟಿ ಎರಡು ಮಾಡಬಾರದು. ಏನೇ ಆಗಲಿ, ಆಕಾಶವೇ ಕಳಚಿ ಬೀಳಲಿ, ಭಾಷಣ ನಿಲ್ಲಿಸಬಾರದು. ಮೊದಲನೇ ಚಿತ್ರಕ್ಕೆ ಗಂಟೆ ಒಂದು ಹೊಡೆತ, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು. ಈ ಹೊಡೆತದ ಲೆಕ್ಕ ಮೈಸೂರಿನವರಿಗೂ ಹೊಳೆದಿರಲಿಲ್ಲ. ಅದು ಪೂರ್ತಿ ನನ್ನದೇ!

ಚಿತ್ರ ಬರೆಯೋಣವೆಂದರೆ ಯುದ್ಧದ ದೆಸೆಯಿಂದ ಕಾಗದವೇ ಇಲ್ಲ. ನನ್ನಲ್ಲಿ ಮೂರು ಬಿಳಿ ಪಂಚೆ ಇದ್ದವು. ಇದ್ದಿಲು, ಅರಿಶಿನ, ಬಟ್ಟೆಗೆ ಹಾಕುವ ನೀಲಿ ತೆಗೆದುಕೊಂಡು ಕೂತೆ. ಮೊದಲನೇ ಪಂಚೆಯ ಮೇಲೆ ನಾಲ್ಕೇ ಮೆಟ್ಟಿಲಿನ ಶಾಲೆ. ಎರಡನೆಯದರ ಮೇಲೆ ಮೂಡಿಗೆರೆಯ ಕಾಡುದಾರಿ, ದಾರಿಯಲ್ಲಿ ಹುಲಿ. ಮೂರನೆಯದರ ಮೇಲೆ ನಗುನಗುತ್ತಾ ಐದನೇ ಕ್ಲಾಸಿಗೆ ಹೋಗುವ ಮಕ್ಕಳು.

ಪದ್ಮಾವತಿ ಒಳಗಿನಿಂದ ಬಂದವಳು ನೋಡಿ ಹಾಗೇ ನಿಂತಳು.

“ರೀ, ಇದೆಂಥದು?”

“ಹುಲಿ ಕಣೇ.”

“ಹಲಸಿನಹಣ್ಣಿಗೆ ಬಾಲ ಇರ್ತದಾ? ಅದು ಹೋಗ್ಲಿ, ಅದು ನಿಮ್ಮ ಪಂಚೆ ಅಲ್ವಾ? ನಾಳೆಯಿಂದ ಎಂತ ಉಡ್ತೀರಿ?”

“ದೇಶಕ್ಕಾಗಿ ಜನ ಪ್ರಾಣ ಕೊಡುತ್ತಿದ್ದಾರೆ. ನಾನು ವಿದ್ಯೆಗಾಗಿ ಪಂಚೆ ಕೊಡಬಾರದೇ?”

“ಕೊಡಿ ಮಾರಾಯ್ರೇ. ಇಸ್ಪೆಟ್ರು ಬಂದಾಗ ಮಾತ್ರ ಹೊರಗೆ ಬರ್ಬೇಡಿ.”

ಗಂಟೆಗಾಗಿ ದೇವರ ಮನೆಯ ಗಂಟೆ ಕೇಳಿದೆ. ಅವಳು ನನ್ನ ಮುಖವನ್ನೂ ನೋಡದೆ ದೇವರ ಮನೆಯ ಬಾಗಿಲು ಹಾಕಿಕೊಂಡಳು. ಶಾಲೆಯ ಗಂಟೆಯೋ, ಒಡೆದು ಕೆಮ್ಮುವಂತೆ ಸದ್ದು ಮಾಡುತ್ತಿತ್ತು. ಕೊನೆಗೆ ಹಿತ್ತಾಳೆಯ ಚೊಂಬು, ಸೌಟು ಹಿಡಿದು ಅಭ್ಯಾಸ ಮಾಡಿಸಿದೆ. ಸೀತಾರಾಮ “ಮಾನ್ಯ ಸಭಾಸದರೇ” ಎಂದರೆ ಹುಸೇನ ‘ಠಣ್’. ಗುಲಾಬಿ ಹಗ್ಗದ ಮೇಲಿನ ಪಂಚೆ ಎಳೆದರೆ ಹಿಂದಿನ ಪಂಚೆ ಕಾಣುತ್ತಿತ್ತು. ಇಡೀ ಮೈಸೂರು ಸಂಸ್ಥಾನದಲ್ಲಿ ಇಂಥ ಗುಂಪು ಇನ್ನೊಂದಿಲ್ಲ ಎಂದು ನನಗೆ ಹೆಮ್ಮೆಯಿಂದ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಪದ್ಮಾವತಿಗೂ ಬರುತ್ತಿರಲಿಲ್ಲ, ಅದು ನಾನು ನಿದ್ದೆಗಣ್ಣಲ್ಲಿ ‘ಠಣ್’ ಎನ್ನುತ್ತಿದ್ದುದರಿಂದ.

ಆ ದಿನ ಬಂತು. ಗೌಡರು ದೊಡ್ಡ ಮನಸ್ಸು ಮಾಡಿ, ಮಧ್ಯಾಹ್ನದ ಗಂಜಿ ಆದ ಮೇಲೆ ಸ್ವಲ್ಪ ಹೊತ್ತು ಕೆಲಸ ನಿಲ್ಲಿಸಿ ತೋಟದ ಕಣದಲ್ಲೇ ಸಭೆಗೆ ಅಪ್ಪಣೆ ಕೊಟ್ಟಿದ್ದರು. ಕಣವೆಂದರೆ ತೊಳೆದ ಕಾಫಿಯನ್ನು ಒಣಗಿಸುವ ವಿಶಾಲವಾದ ಅಂಗಳ. ಒಂದು ಪಕ್ಕ ಹಣ್ಣಿನ ಸಿಪ್ಪೆ ತೆಗೆದು ತೊಳೆದ ಪಾರ್ಚ್‌ಮೆಂಟ್ ಕಾಫಿ ಹರಡಿತ್ತು. ಇನ್ನೊಂದು ಪಕ್ಕ ಜನ: ಹಣ್ಣು ಕುಯ್ಯುವ ಹೆಂಗಸರು, ಗಂಡಾಳುಗಳು, ಅವರ ನಡುವೆ ಅಕ್ಕು. ಮುಂದೆ ಕುರ್ಚಿಯಲ್ಲಿ ಗೌಡರು. ಪಕ್ಕದ ಕುರ್ಚಿಯಲ್ಲಿ ಜರಿ ಪೇಟದ ಇನ್‌ಸ್ಪೆಕ್ಟರ್ ಸಾಹೇಬರು. ಬಸ್ಸು ನೂಕಿ ಬಂದಿದ್ದರಿಂದ ಅವರ ಮುಖ ಆಗಲೇ ಕೆಂಪಾಗಿತ್ತು. ಹೆಂಗಸರ ಕೊನೇ ಸಾಲಿನಲ್ಲಿ ಪದ್ಮಾವತಿ. ಅವಳು ಬಂದದ್ದು ನನ್ನ ಪಂಚೆಗಳ ಕೊನೆಯ ದರ್ಶನಕ್ಕೆ.

ಹುಸೇನ ಚೊಂಬಿಗೆ ಒಂದು ಬಾರಿಸಿ ನೋಡಿದ. ಅಷ್ಟು ದೊಡ್ಡ ಬಯಲಿನಲ್ಲಿ ಆ ಸದ್ದು ನನಗೇ ಕೇಳಲಿಲ್ಲ. ಸುತ್ತ ಕಣ್ಣು ಹಾಯಿಸಿದೆ. ಕಣದ ಮೂಲೆಯ ಹಲಸಿನ ಮರದ ಕೊಂಬೆಗೆ ರೈಲು ಕಂಬಿಯ ತುಂಡೊಂದು ನೇತಾಡುತ್ತಿತ್ತು. ಪಕ್ಕದಲ್ಲೇ ಕಬ್ಬಿಣದ ಸರಳು. ದೇವರೇ ಒದಗಿಸಿದ ಹಾಗಿತ್ತು!

“ಹುಸೇನಾ, ಚೊಂಬು ಬಿಡು. ಆ ಕಂಬಿಗೆ ಹೊಡಿ!”

ಗುಲಾಬಿಯ ಕಣ್ಣುಗಳು ಅಗಲವಾದವು. “ಮೇಷ್ಟ್ರೇ, ಅದು ತೋಟದ...”

“ಶ್! ನಿಯಮ ಏನು? ವೇದಿಕೆಯ ಮೇಲೆ ಯಾರು ಮಾತಾಡಬೇಕು?”

“ಸೀತಾರಾಮ. ಆದ್ರೆ ಮೇಷ್ಟ್ರೇ, ಆ ಗಂಟೆ ಹೊಡೆದ್ರೆ...”

“ಗುಲಾಬಿ!”

ಅವಳು ತುಟಿ ಕಚ್ಚಿಕೊಂಡು ಪಂಚೆಯ ತುದಿ ಹಿಡಿದು ನಿಂತಳು. ನನ್ನ ಶಿಸ್ತು ಅಂಥದ್ದು.

ಓದುಗರಿಗೆ ಇಲ್ಲೇ ಹೇಳಿಬಿಡುತ್ತೇನೆ. ಅದು ಆಳುಗಳ ಗಂಟೆ. ಅದಕ್ಕೊಂದು ಭಾಷೆಯಿದೆ. ಒಂದು ಹೊಡೆತವೆಂದರೆ ಕೆಲಸಕ್ಕೆ ಸಾಲು ನಿಲ್ಲಬೇಕು. ಎರಡು ಹೊಡೆತವೆಂದರೆ ಗಂಜಿಗೆ ಕೂರಬೇಕು. ಮೂರಾದರೆ ಮನೆಗೆ ಹೋಗಬಹುದು. ಇದು ತೋಟದ ಆಳುಗಳಿಗೆ ಗೊತ್ತಿತ್ತು, ಅವರ ಕೂಸುಗಳಿಗೆ ಗೊತ್ತಿತ್ತು, ಗೌಡರ ನಾಯಿಗೂ ಗೊತ್ತಿತ್ತು. ಹಳ್ಳದ ಈಚೆ ದಡದಲ್ಲಿದ್ದು ದಿನಾ ಆ ಸದ್ದು ಕೇಳುತ್ತಿದ್ದ ನಾನು ಎಷ್ಟು ಹೊಡೆತ ಎಂದು ಎಂದೂ ಎಣಿಸಿರಲಿಲ್ಲ. ಲೆಕ್ಕ ಕಲಿಸುವವನು ನಾನು!

ಸೀತಾರಾಮ ಎದೆ ಉಬ್ಬಿಸಿ ಆರಂಭಿಸಿದ. “ಮಾನ್ಯ ಸಭಾಸದರೇ, ವಿದ್ಯಾಭಿಮಾನಿಗಳಾದ ಸಮಸ್ತ ಮಹಾಜನಗಳೇ, ಅಜ್ಞಾನಾಂಧಕಾರವನ್ನು ಹೋಗಲಾಡಿಸುವ ವಿದ್ಯೆಯೆಂಬ ದಿವ್ಯಜ್ಯೋತಿಯು...”

ಡಣ್!

ಇಡೀ ಸಭೆ ಧಡಕ್ಕನೆ ಎದ್ದು ನಿಂತಿತು.

ನನಗೆ ರೋಮಾಂಚನವಾಯಿತು. ವಿದ್ಯೆಯ ಹೆಸರು ಕೇಳಿದ ಕೂಡಲೇ ಎದ್ದು ನಿಲ್ಲುವ ಜನ! ಇನ್‌ಸ್ಪೆಕ್ಟರ್ ಸಾಹೇಬರು ಕೂಡ ಮೆಚ್ಚಿಕೊಂಡು ಅರ್ಧ ಎದ್ದರು. ಆದರೆ ಜನ ನಿಂತದ್ದಷ್ಟೇ ಅಲ್ಲ, ಸಾಲಾಗಿ ನಿಂತರು. ಹೆಂಗಸರು ಸೆರಗು ಸೊಂಟಕ್ಕೆ ಸಿಕ್ಕಿಸಿ ಬುಟ್ಟಿ ಎತ್ತಿಕೊಂಡರು. ಐತಪ್ಪ ಮೇಸ್ತ್ರಿ ತನಗೆ ತಿಳಿಯದಂತೆಯೇ ಮುಂದೆ ಬಂದು, ಗಂಟಲು ಸರಿಮಾಡಿಕೊಂಡು ಹೆಸರು ಕೂಗತೊಡಗಿದ.

“ಅಂಗಾರ!”

“ಹಾಜರ್!”

“ಅಕ್ಕು!”

“ಹಾಜರ್!”

“ಮೇಷ್ಟ್ರೇ, ಇದೇನು?” ಎಂದರು ಇನ್‌ಸ್ಪೆಕ್ಟರ್.

“ಸಭಾಸದರು ತಮ್ಮ ಹಾಜರಿ ಒಪ್ಪಿಸುತ್ತಿದ್ದಾರೆ ಸ್ವಾಮಿ. ಇಲ್ಲಿಯ ಜನ ಬಹಳ ಶಿಸ್ತಿನವರು” ಎಂದೆ. ಹೇಗೆ ಹೊಳೆಯಿತೋ ದೇವರಿಗೇ ಗೊತ್ತು.

ಅಷ್ಟರಲ್ಲಿ ಸಾಲು ನಿಧಾನವಾಗಿ ತೋಟದ ಕಡೆ ಹೊರಟಿತು. ಸೀತಾರಾಮನ ದಿವ್ಯಜ್ಯೋತಿ ನಿಯಮದಂತೆ ಉರಿಯುತ್ತಲೇ ಇತ್ತು. ಮೊದಲನೇ ಚಿತ್ರ ಸಾಲದು ಎಂದು ನನಗನ್ನಿಸಿತು. ಹುಲಿಯನ್ನು ತೋರಿಸಬೇಕು! ಹುಸೇನನಿಗೆ ಕಣ್ಣು ಮಿಟುಕಿಸಿದೆ.

ಡಣ್! ಡಣ್!

ಗುಲಾಬಿ ಪಂಚೆ ಎಳೆದಳು. ಬಾಲದ ಹಲಸಿನಹಣ್ಣು ಪ್ರತ್ಯಕ್ಷವಾಯಿತು. ಸಾಲು ಗಕ್ಕನೆ ನಿಂತು ಹಿಂದಕ್ಕೆ ಬಂತು! ನೋಡಿದಿರಾ ಚಿತ್ರದ ಪ್ರಭಾವ, ಎನ್ನುವಂತೆ ನಾನು ಇನ್‌ಸ್ಪೆಕ್ಟರರ ಕಡೆ ನೋಡಿದೆ. ಜನ ಬಂದು ಕೂತರು. ಆದರೆ ನಮಗೆ ಬೆನ್ನು ಹಾಕಿ, ತಮ್ಮ ತಮ್ಮಲ್ಲೇ ದುಂಡಗೆ, ಅಲ್ಲಲ್ಲಿ ಗುಂಪಾಗಿ ಕೂತರು. ಗಂಜಿ ಆಗಲೇ ಕುಡಿದಾಗಿತ್ತು. ಎರಡನೇ ಗಂಜಿ ಯಾಕೆಂದು ಯಾರಿಗೂ ತಿಳಿಯದೆ ಎಲೆಯಡಿಕೆ ಚೀಲ ಬಿಚ್ಚಿದರು.

“ಇದೇನು?” ಎಂದರು ಇನ್‌ಸ್ಪೆಕ್ಟರ್ ಮತ್ತೆ.

“ಗುಂಪು ಚರ್ಚೆ ಸ್ವಾಮಿ!” ಎಂದೆ. “ಮೊದಲು ವಿಷಯ ಕೇಳುವುದು, ನಂತರ ಗುಂಪುಗಳಲ್ಲಿ ಕೂತು ವಿಚಾರ ಮಾಡುವುದು. ಹೊಸ ಪದ್ಧತಿ.”

“ಏನು ಚರ್ಚೆ ಮಾಡುತ್ತಿದ್ದಾರೆ?”

ಹತ್ತಿರದ ಗುಂಪಿನ ಮಾತು ನಮಗೂ ಕೇಳಿಸಿತು. “ಗೌಡ್ರಿಗೆ ಇವತ್ತು ಎಂತ ಆಗಿದೆ ಮಾರಾಯ? ಎದ್ದೇಳು ಅಂತಾರೆ, ಕೂತ್ಕೋ ಅಂತಾರೆ!”

ಗೌಡರ ಮೀಸೆ ಕುಣಿಯತೊಡಗಿತು. ಗುಲಾಬಿ ನನ್ನತ್ತ ನೋಡಿ ಎರಡೂ ಕೈ ಅಲ್ಲಾಡಿಸಿದಳು. ನಾನು ಬೆರಳನ್ನು ತುಟಿಯ ಮೇಲಿಟ್ಟು ತೋರಿಸಿದೆ. ಪಾಪ, ಹುಡುಗಿಗೆ ಸಭಾಕಂಪನ ಎಂದುಕೊಂಡೆ. ಇನ್ನು ಒಂದೇ ಪಂಚೆ ಉಳಿದಿತ್ತು. ನಗುವ ಮಕ್ಕಳನ್ನು ಕಂಡ ಮೇಲೆ ಯಾವ ತಾಯಿ ಒಪ್ಪದೆ ಇದ್ದಾಳು? ಹುಸೇನನಿಗೆ ಕೈ ಬೀಸಿದೆ. ಅವನು ಅಂಗೈಗೆ ಉಗುಳು ಸವರಿಕೊಂಡು ಸರಳು ಎತ್ತಿದ.

ಡಣ್! ಡಣ್! ಡಣ್!

ಅಂಥ ಹರ್ಷೋದ್ಗಾರವನ್ನು ನಾನು ಯಾವ ಸಭೆಯಲ್ಲೂ ಕೇಳಿಲ್ಲ! ಜನ ಕೇಕೆ ಹಾಕಿದರು. ಗಂಡಸರು ಗೌಡರಿಗೆ ಕೈಮುಗಿದರು. ಹೆಂಗಸರು ನಕ್ಕರು. ನನ್ನ ಕಣ್ಣು ತುಂಬಿ ಬಂತು. ಕಣ್ಣು ಒರೆಸಿಕೊಂಡು ನೋಡುತ್ತೇನೆ, ಕಣದಲ್ಲಿ ಒಬ್ಬರೂ ಇಲ್ಲ!

ಇದ್ದವರು ಇಬ್ಬರು ಕುರ್ಚಿಯವರು, ಕಣದ ಪಕ್ಕದ ಗೋದಾಮಿನ ಬಾಗಿಲ ಬಳಿ ಪೆಚ್ಚಾಗಿ ನಿಂತ ಐತಪ್ಪ, ಕೊನೇ ಸಾಲಿನ ಜಾಗದಲ್ಲಿ ಒಂಟಿಯಾಗಿ ಕೂತ ಪದ್ಮಾವತಿ. ನಾಯಿ ಕೂಡ ಮನೆಗೆ ಹೋಗಿತ್ತು. ಸೀತಾರಾಮ ಮಾತ್ರ ಬರಿಯ ಅಂಗಳಕ್ಕೆ ಕೈ ಚಾಚಿ, “ಆದುದರಿಂದ ಮಹಾಜನಗಳೇ, ತಮ್ಮ ಈ ಉತ್ಸಾಹವನ್ನು ಕಂಡು...” ಎನ್ನುತ್ತಿದ್ದ.

“ರೀ,” ಎಂದಳು ಪದ್ಮಾವತಿ ಅಲ್ಲಿಂದಲೇ, “ಸಭೆ ಮುಗೀತಾ? ನಾನೂ ಹೋಗ್ಲಾ?”

“ಮೇಷ್ಟ್ರೇ,” ಎಂದರು ಇನ್‌ಸ್ಪೆಕ್ಟರ್ ಸಾಹೇಬರು. ಈ ಸಲ ‘ಇದೇನು’ ಎಂದು ಕೇಳಲಿಲ್ಲ. “ಜನರ ಅಭಿಪ್ರಾಯ ತಿಳಿಯಿತು. ನಾನು ಬಸ್ಸಿಗೆ ಹೊರಡುತ್ತೇನೆ.”

ಗುಲಾಬಿಯ ಕಡೆ ನೋಡಿದೆ. ಅವಳು ಅಳುತ್ತಿರಲಿಲ್ಲ. ಪಂಚೆಯ ತುದಿಯನ್ನು ಕೈಗೆ ಸುತ್ತಿಕೊಂಡು, ತಾಯಿ ಇಳಿದು ಹೋದ ದಾರಿಯನ್ನು ನೋಡುತ್ತಾ ನಿಂತಿದ್ದಳು. ಆ ಜನರನ್ನು ಹೇಗಾದರೂ ವಾಪಸು ಕರೆಯಬೇಕು! ಓಡಿದೆ. ಹುಸೇನನ ಕೈಯಿಂದ ಸರಳು ಕಿತ್ತುಕೊಂಡೆ. ಕಣ್ಣು ಮುಚ್ಚಿ, ತೋಳಿನ ಶಕ್ತಿಯೆಲ್ಲ ಬಿಟ್ಟು, ನಿಲ್ಲಿಸದೆ ಬಾರಿಸಿದೆ.

ಡಣಡಣಡಣಡಣಡಣ!

“ಅಯ್ಯೋ ಮೇಷ್ಟ್ರೇ!” ಎಂದು ಐತಪ್ಪ ಕಿರುಚಿದ್ದು ಕೇಳಿಸಿತು. ನನಗೆ ನಿಲ್ಲಿಸುವ ಮನಸ್ಸಿರಲಿಲ್ಲ.

ಒಂದು, ಎರಡು, ಮೂರರ ಅರ್ಥ ಹೇಳಿದೆನಲ್ಲ. ನಿಲ್ಲಿಸದೆ ಬಾರಿಸಿದರೆ ಅದಕ್ಕೂ ಒಂದು ಅರ್ಥವಿದೆ. ಮಳೆ ಬಂತು, ಕಣದ ಕಾಫಿ ನೆನೆಯುತ್ತಿದೆ, ಕಾಲಿದ್ದವರೆಲ್ಲ ಓಡಿ ಬನ್ನಿ ಎಂದು ಅರ್ಥ. ವರ್ಷದ ಬೆವರೆಲ್ಲ ಒಣಗಲು ಹರಡಿರುವಾಗ ಅಕಾಲದ ಮಳೆ ಬಿದ್ದರೆ ತೋಟಕ್ಕೆ ತೋಟವೇ ಮುಳುಗಿದ ಹಾಗೆ. ಆ ಗಂಟೆಗೆ ಯಾರೂ ಆಕಾಶ ನೋಡುತ್ತಾ ನಿಲ್ಲುವುದಿಲ್ಲ.

ಬಂದರು! ಹೋದವರು ಬಂದರು. ಸಭೆಗೆ ಬಾರದಿದ್ದವರೂ ಬಂದರು. ಕೋಲೂರುವ ಮುದುಕರು, ಕೂಸು ಎತ್ತಿದ ಬಾಣಂತಿಯರು, ಗಂಜಿ ಮನೆಯ ಅಡುಗೆಯವನು ಸೌಟು ಹಿಡಿದೇ ಬಂದ. ಸೂರ್ಯ ನೆತ್ತಿಯ ಪಕ್ಕದಲ್ಲಿ ಧಗಧಗ ಉರಿಯುತ್ತಿದ್ದ. ಆದರೂ ಯಾರೂ ಅವನನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕೆಲವರು ಕಾಫಿಯನ್ನು ಗುಡ್ಡೆ ಎಳೆದರು. ಕೆಲವರು ಚೀಲ ಹೊತ್ತರು. ಮುಚ್ಚಲು ಚಾಪೆ ಸಾಲದೆ ಯಾರೋ ನನ್ನ ಪಂಚೆಗಳನ್ನು ಹಗ್ಗದಿಂದ ಎಳೆದು ಕಾಫಿಯ ಮೇಲೆ ಹೊದಿಸಿದರು. ಹುಲಿ ಕಾಫಿ ರಾಶಿಯ ಮೇಲೆ ಅಂಗಾತ ಮಲಗಿತು.

ಕುರ್ಚಿ ಒದ್ದೆಯಾಗಬಾರದೆಂದು ಇಬ್ಬರು ಆಳುಗಳು ಕುರ್ಚಿ ಎತ್ತಿದರು. ಅದರಲ್ಲಿ ಇನ್‌ಸ್ಪೆಕ್ಟರ್ ಸಾಹೇಬರು ಇದ್ದರು. ಹಾಗೇ ಗೋದಾಮಿನೊಳಕ್ಕೆ ಒಯ್ದು ಇಳಿಸಿದರು. ಒಬ್ಬ ಮುದುಕಿ ಓಡಿಬಂದು ತನ್ನ ಕಂಬಳಿಕೊಪ್ಪೆಯನ್ನು ಅವರ ಜರಿ ಪೇಟದ ಮೇಲೆ ಹಾಕಿ, ಗಲ್ಲದ ಕೆಳಗೆ ಚೆನ್ನಾಗಿ ಮುಚ್ಚಿ, “ನೆನೀತೀರಿ ಸ್ವಾಮಿ, ಶೀತ ಆತದೆ” ಎಂದಳು.

ನಾನು ಇನ್ನೂ ಬಾರಿಸುತ್ತಲೇ ಇದ್ದೆ. ಪದ್ಮಾವತಿ ಬಂದು ಸರಳು ಕಿತ್ತುಕೊಂಡಳು.

ಗೋದಾಮಿನೊಳಗೆ ಇಡೀ ತೋಟ ಒತ್ತಾಗಿ ನಿಂತಿತ್ತು. ಎಲ್ಲರೂ ಏದುಸಿರು ಬಿಡುತ್ತಾ ಬಾಗಿಲಾಚೆಯ ಬಿಸಿಲನ್ನು ನೋಡಿದರು. ನಂತರ ಎಲ್ಲರೂ ಒಟ್ಟಿಗೆ ನನ್ನನ್ನು ನೋಡಿದರು.

“ಮಳೆ ಎಲ್ಲಿ ಮೇಷ್ಟ್ರೇ?” ಎಂದ ಐತಪ್ಪ.

ನಾನೂ ಬಾಗಿಲಾಚೆ ಕತ್ತು ಚಾಚಿ ಆಕಾಶ ನೋಡಿದೆ. ಗೌಡರು ಬಾಯಿ ತೆರೆದರು. ಅವರು ಏನು ಹೇಳುತ್ತಿದ್ದರೋ ಬರೆಯುವಂಥದಲ್ಲ. ಅಷ್ಟರಲ್ಲಿ ಬೋರಲು ಹಾಕಿದ ಹಣ್ಣಿನ ಬುಟ್ಟಿಯ ಮೇಲೆ ಗುಲಾಬಿ ಹತ್ತಿ ನಿಂತಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅಪ್ಪಣೆಯನ್ನೂ ಕೇಳಲಿಲ್ಲ.

“ಮಳೆ ಇಲ್ಲ. ಬೈಬೇಡಿ. ಮೇಷ್ಟ್ರಿಗೆ ಗಂಟೆ ಗೊತ್ತಿಲ್ಲ, ಅಷ್ಟೇ. ಇಷ್ಟು ಹೊತ್ತು ಸೀತಾರಾಮ ಹೇಳಿದ್ದು ಎಂತ ಅಂತ ನಾನು ಹೇಳ್ತೀನಿ. ನಮ್ಮ ಶಾಲೆ ನಾಕಕ್ಕೇ ನಿಲ್ತದೆ. ಮೂಡಿಗೆರೆಗೆ ನಡೆಯಾಕೆ ನಮ್ಮ ಕೈಲಾಗಲ್ಲ. ಐದನೇದು ಇಲ್ಲೇ ಆದ್ರೆ ನಾವು ಓದ್ತೀವಿ. ಆಗ್ದಿದ್ರೆ ಬರೋ ಕುಯ್ಲಿಗೆ ಐತಪ್ಪಣ್ಣ ಇಲ್ಲಿ ನಮ್ಮ ಹೆಸರು ಕೂಗ್ತಾರೆ.” ಅವಳು ತಾಯಿಯ ಕಡೆ ತಿರುಗಿದಳು. “ನಂಗೆ ಶಾಲೇಲಿ ಹೆಸರು ಕೂಗಿಸ್ಕೊಳ್ಬೇಕು ಅಂತ ಆಸೆ. ಇನ್ನೊಂದಿಷ್ಟು ವರ್ಷ.”

“ಒಪ್ಪಿಗೆ ಇದ್ದವರು ಕೈ ಎತ್ತಿ” ಎಂದು ಇನ್‌ಸ್ಪೆಕ್ಟರ್ ಸಾಹೇಬರು ಕಂಬಳಿಯ ಒಳಗಿಂದ ಹೇಳಿದರು.

ಒಂದು ಕೈಯೂ ಮೇಲೇಳಲಿಲ್ಲ. ಸಭೆಯಲ್ಲಿ ಕೈ ಎತ್ತುವುದು ಏನೆಂದು ಆ ಜನಕ್ಕೆ ಗೊತ್ತಿರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲ ಮುಗಿಯಿತು ಎಂದುಕೊಂಡೆ. ಆದರೆ ಗುಲಾಬಿ, “ಹಂಗಲ್ಲ ಸ್ವಾಮಿ” ಎಂದಳು. ಸೊಂಟದ ಮೇಲೆ ಕೈಯಿಟ್ಟು, ಥೇಟ್ ಐತಪ್ಪ ಮೇಸ್ತ್ರಿಯ ಗತ್ತಿನಲ್ಲಿ ಗಂಟಲು ಸರಿಮಾಡಿಕೊಂಡಳು.

“ಮಕ್ಕಳ ಹೆಸರು ಕೂಗ್ತೀನಿ. ಕಳಿಸೋರು ಉತ್ತರ ಕೊಡಿ. ಅಂಗಾರಣ್ಣನ ಮಗ ಬಾಬು!”

ಅಂಗಾರ ಅಭ್ಯಾಸಬಲದಿಂದ ನೆಟ್ಟಗೆ ನಿಂತ. ಬಾಯಿ ತೆರೆದವನು ಒಂದು ಕ್ಷಣ ತಡೆದು ಮಗನ ಮುಖ ನೋಡಿದ. ಆಮೇಲೆ ಗೋದಾಮು ಗುಂಯ್ ಎನ್ನುವಂತೆ, “ಹಾಜರ್!” ಎಂದ.

“ಬಾಗಿಯಕ್ಕನ ಮಗಳು ಸುಂದರಿ!”

“ಹಾಜರ್!”

ಹೀಗೆ ಒಂದೊಂದೇ ಹೆಸರು. ಕೆಲವರು ಸುಮ್ಮನಿದ್ದರು, ಹೆಚ್ಚಿನವರು ಉತ್ತರ ಕೊಟ್ಟರು. ನೆಂಟರ ಮನೆಗೆ ಬಂದಿದ್ದ ಒಬ್ಬ, ಅವನಿಗೆ ಮಕ್ಕಳೇ ಇಲ್ಲ, ಉಮೇದಿನಲ್ಲಿ ತಾನೂ “ಹಾಜರ್!” ಎಂದ. ಕೊನೆಗೆ ಒಂದು ಹೆಸರು ಉಳಿಯಿತು. ಗುಲಾಬಿಗೆ ಅದನ್ನು ಕೂಗಲಾಗಲಿಲ್ಲ. ಬುಟ್ಟಿಯ ಮೇಲೆ ನಿಂತು ಕಾಲ ಹೆಬ್ಬೆರಳು ನೋಡತೊಡಗಿದಳು.

ಹೆಸರು ಕೂಗುವುದು ಯಾರ ಕೆಲಸವೋ ಅವನೇ ಮುಂದೆ ಬಂದ. “ಅಕ್ಕುವಿನ ಮಗಳು ಗುಲಾಬಿ!” ಎಂದು ಐತಪ್ಪ ಮೇಸ್ತ್ರಿ ಕೂಗಿದ.

ಅಕ್ಕು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಐತಪ್ಪ ಇನ್ನೊಮ್ಮೆ ಕೂಗಿದ. ಆಗ ಬಹಳ ಮೆಲ್ಲಗೆ, “ಹಾಜರ್” ಎಂಬ ಸ್ವರ ಬಂತು. “ಬರ್ಕೊಳ್ಳಿ ಸ್ವಾಮಿ. ನನ್ನ ಮಗಳು ಶಾಲೆಗೆ ಹಾಜರ್.”

ನಾನು ಅತ್ತೆ. ಕಾಫಿ ಹೊಟ್ಟಿನ ಧೂಳು ಕಣ್ಣಿಗೆ ಬಿತ್ತು ಎಂದು ಆಮೇಲೆ ಎಲ್ಲರಿಗೂ ಹೇಳಿದ್ದೇನೆ. ಆದರೆ ಅತ್ತೆ. ನನ್ನ ಶಾಲೆಯ ಹುಡುಗಿ ಇಡೀ ತೋಟವನ್ನು ಮಾತಿನಲ್ಲಿ ಗೆದ್ದಿದ್ದಳು. ಮೇಷ್ಟ್ರಾದವನಿಗೆ ಇದಕ್ಕಿಂತ ಹೆಮ್ಮೆ ಇನ್ನೇನಿದೆ?

ಇನ್‌ಸ್ಪೆಕ್ಟರ್ ಸಾಹೇಬರು ಕಂಬಳಿಕೊಪ್ಪೆಯಲ್ಲೇ ಎದ್ದು ನಿಂತರು. “ಈ ಹುಡುಗಿಗೆ ಹೀಗೆ ಮಾತಾಡಲು ಕಲಿಸಿದವರು ಯಾರು?”

ನಾನು ಎದೆ ಮುಂದೆ ಮಾಡಿ ಹೆಜ್ಜೆ ಇಟ್ಟೆ. “ನಾನೇ ಸ್ವಾಮಿ!”

“ಹಾಗಾದರೆ ಭಾಷಣಕ್ಕೆ ಇವಳನ್ನೇ ಯಾಕೆ ನಿಲ್ಲಿಸಲಿಲ್ಲ? ಇವಳಿಗೆ ನೀವು ಕೊಟ್ಟಿದ್ದ ಕೆಲಸ ಯಾವುದು?”

“ಪಂಚೆ ಎಳೆಯುವುದು ಸ್ವಾಮಿ” ಎಂದೆ. ಸುಳ್ಳು ಹೇಳುವ ಹಾಗಿರಲಿಲ್ಲ, ಗುಲಾಬಿ ನೋಡುತ್ತಿದ್ದಳು. “ಮತ್ತೆ... ಮಾತಾಡಬಾರದು ಅಂತ ಹೇಳಿದ್ದೆ.”

ಗೋದಾಮಿನಲ್ಲಿ ಎದ್ದ ನಗು ನಮ್ಮೂರಿನ ತನಕ ಕೇಳಿಸಿತಂತೆ. ಗೌಡರೂ ನಕ್ಕರು, ಅದರಿಂದ ನನ್ನ ಪ್ರಾಣ ಉಳಿಯಿತು.

ಐದನೇ ಕ್ಲಾಸು ಮಂಜೂರಾಯಿತು. ಆದೇಶದ ಜೊತೆಗೆ ಇನ್‌ಸ್ಪೆಕ್ಟರರ ವರದಿಯ ಪ್ರತಿಯೂ ಬಂತು. ಅದರಲ್ಲಿ ನನ್ನ ಬಗ್ಗೆ ಒಂದು ವಾಕ್ಯವಿದೆ: “ಸಭೆಯನ್ನು ಎಬ್ಬಿಸುವ, ಕೂರಿಸುವ, ಓಡಿಸುವ ಹಾಗೂ ಮರಳಿ ಕರೆಸುವ ವಿಷಯದಲ್ಲಿ ಈ ಉಪಾಧ್ಯಾಯರಿಗೆ ಸರಿಸಮಾನರನ್ನು ನಾನು ಕಂಡಿಲ್ಲ.” ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇಕೇ? ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೇನೆ. ಬಂದವರಿಗೆಲ್ಲ ಓದಿ ಹೇಳುತ್ತೇನೆ. ಆಗ ಪದ್ಮಾವತಿ ಒಳಗಿನಿಂದ ನೀಲಿ ಹುಲಿಯಿರುವ ಪಂಚೆ ತಂದು ಅವರ ಮುಂದೆ ನೆಲ ಒರೆಸುತ್ತಾಳೆ.

ಶಾಲೆ ದೊಡ್ಡದಾಯಿತೆಂದು ಗೌಡರು ಹೊಸದೊಂದು ಕಂಬಿಯ ತುಂಡನ್ನು ಶಾಲೆಗೆ ದಾನ ಕೊಟ್ಟರು. ಒಂದೇ ಒಂದು ಷರತ್ತು ಹಾಕಿದರು. ಅದರ ಸದ್ದು ಹಳ್ಳ ದಾಟಿ ತೋಟಕ್ಕೂ ಕೇಳುವುದರಿಂದ, ಅದನ್ನು ಯಾರು ಬೇಕಾದರೂ ಹೊಡೆಯಬಹುದು, ಮೇಷ್ಟ್ರು ಮಾತ್ರ ಮುಟ್ಟಬಾರದು! ಸರಳು ಈಗ ಐದನೇ ಕ್ಲಾಸಿನ ಗುಲಾಬಿಯ ವಶದಲ್ಲಿದೆ. ಸಂಜೆ ಮನೆಗೆ ಹೋಗುವಾಗ ಅದನ್ನು ಬಗಲಲ್ಲಿ ಇಟ್ಟುಕೊಂಡೇ ಹೋಗುತ್ತಾಳೆ.

ಗಂಟೆ ಬಾರಿಸಬೇಕೆಂದು ನನಗೆ ಆಸೆಯಾದರೆ ಕೈ ಎತ್ತಿ ಅವಳ ಅಪ್ಪಣೆ ಕೇಳಬೇಕು. ಹೆಡ್ಮಾಸ್ಟರೇ ವಿದ್ಯಾರ್ಥಿಯ ಮುಂದೆ ಕೈ ಎತ್ತುವಷ್ಟು ಸಭಾಮರ್ಯಾದೆ ಬೆಳೆದ ಶಾಲೆ ಇಡೀ ಸಂಸ್ಥಾನದಲ್ಲಿ ನಮ್ಮದೊಂದೇ ಎಂದು ನನಗೆ ಬಹಳ ಹೆಮ್ಮೆ. ನಿನ್ನೆ ಕೈ ಎತ್ತಿದೆ.

“ಒಂದೇ ಒಂದು ಸಲ ಹೊಡೆಯಲಾ ಗುಲಾಬಿ?”

ಅವಳು ಬೆರಳನ್ನು ತುಟಿಯ ಮೇಲಿಟ್ಟು, “ಶ್!” ಎಂದಳು.